ಮನೆಗೊಂದು ಸೋಡಾ ಯಂತ್ರ

ಬೇಸಗೆಯ ದಿನಗಳಲ್ಲಿ ಸೋಡಾದ ನೆನಪು ಬಾರದ ಮನೆ ನಮ್ಮ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಊಟ ಹೆಚ್ಚಾಯಿತೆಂದರೆ ಸೋಡಾ, ಹೊಟ್ಟೆ ಉಬ್ಬರಿಸಿತೆಂದರೆ ಸೋಡಾ, ಬಿಸಿಲಿನಲ್ಲಿ ನಡೆದುಬಂದ ನೆಂಟರಿಗೆ ನಿಂಬೆಹಣ್ಣು ಹಿಂಡಿದ ಸೋಡಾ. ಇಷ್ಟು ಬಳಕೆಯಲ್ಲಿರುವ ಪದಾರ್ಥವನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವ ಯಂತ್ರಗಳು ಈಚೆಗೆ ಪೇಟೆಯಲ್ಲಿ ಬಗೆಬಗೆಯಾಗಿ ದೊರೆಯುತ್ತಿರುವುದರಿಂದ, ಅವುಗಳಲ್ಲಿ ಯಾವುದನ್ನು ಆರಿಸತಕ್ಕದ್ದು, ಹಣ ಕೊಡುವುದಕ್ಕೆ ಮೊದಲು ಏನೇನನ್ನು ವಿಚಾರಿಸತಕ್ಕದ್ದು ಎಂಬ ಪ್ರಶ್ನೆ ವಾಚಕರಲ್ಲಿ ಕೆಲವರಿಗಾದರೂ ಎದುರಾಗಿರಬಹುದು. ನಮಗೆ ಅದು ಎದುರಾದದ್ದು ಮನೆಯೊಳಗಿನ ಒಂದು ಚಿಂತೆಯ ದೆಸೆಯಿಂದ.

ನಮ್ಮ ತಮ್ಮನಿಗೆ ಈಗ ೪೧ ವರ್ಷ. ಅವನದು ಕುಳಿತು ಮಾಡುವ ಕೆಲಸ. ಮಧ್ಯಾಹ್ನ ಒಂದು, ಸಂಜೆ ಒಂದು, ರಾತ್ರಿಯ ಊಟದೊಡನೆ ಒಂದು, ಹೀಗೆ ದಿನಕ್ಕೆ ಮೂರು ಸೀಸೆ ಕರಿಯ ಬಣ್ಣದ ಸಿಹಿ ಪಾನೀಯವನ್ನು ಕುಡಿಯುವ ಅಭ್ಯಾಸ ಅವನಿಗೆ ಯಾವಾಗ ಅಂಟಿತೋ ಮನೆಯಲ್ಲಿ ಯಾರಿಗೂ ತಿಳಿಯದು. ಹೋದ ವರ್ಷ ರಕ್ತದ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಂಕಿ ೬.೩ ಎಂದು ಬಂದಿತು. ೫.೭ರಿಂದ ೬.೪ರ ವರೆಗೆ ಮಧುಮೇಹದ ಹೊಸ್ತಿಲು; ೬.೫ ಮುಟ್ಟಿತೆಂದರೆ ಹೊಸ್ತಿಲು ದಾಟಿ ಒಳಗೇ ಬಂದಂತೆ. ನಮ್ಮ ತಂದೆಯವರು ಇದೇ ವ್ಯಾಧಿಯಿಂದ ಮೊದಲು ಎಡಗಾಲಿನ ಎರಡು ಬೆರಳುಗಳನ್ನೂ ಅನಂತರ ಮೂತ್ರಪಿಂಡಗಳನ್ನೂ ಕಳೆದುಕೊಂಡು ತೀರಿಕೊಂಡವರು. ಆದಕಾರಣ ಆ ಕಾಗದವನ್ನು ನೋಡಿದ ದಿನ ನಮ್ಮ ತಾಯಿಯವರು ಊಟ ಮಾಡಲಿಲ್ಲ.

ವೈದ್ಯರು ಔಷಧವನ್ನು ಬರೆಯಲಿಲ್ಲ. "ಮೊದಲು ಆ ಸೀಸೆಯನ್ನು ಬಿಡಿ, ಸಂಜೆ ನಡೆಯಿರಿ, ಮೂರು ತಿಂಗಳಾದ ಮೇಲೆ ಬನ್ನಿ" ಎಂದರು. ಅದರ ಲೆಕ್ಕವನ್ನು ನಾವು ಮನೆಗೆ ಬಂದು ಹಾಕಿದೆವು. ಈ ಪಾನೀಯಗಳಲ್ಲಿ ೧೦೦ ಮಿಲಿಲೀಟರಿಗೆ ಹತ್ತು ಹನ್ನೊಂದು ಗ್ರಾಂ ಸಕ್ಕರೆಯುಂಟು. ಸೀಸೆಯ ಮೇಲೆಯೇ ಅಚ್ಚಾಗಿರುತ್ತದೆ, ಓದುವವರು ಕಡಿಮೆ. ೨೫೦ ಮಿಲಿಲೀಟರಿನ ಮೂರು ಸೀಸೆಗೆ ಸುಮಾರು ೮೦ ಗ್ರಾಂ, ಎಂದರೆ ಹದಿನಾರು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೊರಡಿಸಿದ ಸೂಚನೆಯಂತೆ, ದಿನಕ್ಕೆ ೨೦೦೦ ಕ್ಯಾಲೊರಿಯ ಆಹಾರವುಳ್ಳವನಿಗೆ ಬೆರೆಸಿದ ಸಕ್ಕರೆ ೫೦ ಗ್ರಾಂ ಮೀರಬಾರದು, ೨೫ರೊಳಗಿದ್ದರೆ ಇನ್ನೂ ಒಳಿತು. ಹದಿನಾರು ಚಮಚ ಸಕ್ಕರೆಯನ್ನು ನಮ್ಮ ಮನೆಯವರು ಒಂದು ಬಟ್ಟಲಿಗೆ ಸುರಿದು ಊಟದ ಮೇಜಿನ ಮೇಲಿಟ್ಟರು. ಯಾರೂ ಏನೂ ಮಾತನಾಡಲಿಲ್ಲ.

ಮರುದಿನ ತಮ್ಮನೇ ಬಾಯಿಬಿಟ್ಟ. "ಅಣ್ಣಾ, ಸಿಹಿಯ ಆಸೆ ನನಗಿಲ್ಲ. ಗಂಟಲಲ್ಲಿ ಆ ಚುರುಕು ಇದ್ದರೆ ಸಾಕು. ಬರಿಯ ನೀರು ಕುಡಿದರೆ ಕುಡಿದಂತೆಯೇ ಆಗುವುದಿಲ್ಲ."

ಈ ಮಾತು ನಿಜವೇ ಆಗಿದ್ದರೆ ಒಂದು ದಾರಿಯುಂಟೆಂದು ನಮಗೆ ತೋರಿತು. ಚುರುಕನ್ನು ಕೊಡುವುದು ಇಂಗಾಲದ ಡೈಆಕ್ಸೈಡು, ನಮ್ಮ ಹಿರಿಯರು ಇಂಗಾಲಾಮ್ಲ ವಾಯುವೆನ್ನುತ್ತಿದ್ದ ಅನಿಲ. ಗುಳ್ಳೆಗಳು ಸಿಡಿದು ನಾಲಗೆಯನ್ನು ಕುಟುಕುತ್ತವೆಂದು ಬಹು ಮಂದಿ ನಂಬಿರುವುದುಂಟು. ಅದರಲ್ಲಿ ಸತ್ಯಾಂಶ ಸ್ವಲ್ಪವೇ. ನೀರಿನಲ್ಲಿ ಕರಗಿದ ಅನಿಲವನ್ನು ನಾಲಗೆಯ ಮೇಲಿರುವ ಕಾರ್ಬಾನಿಕ್ ಆನ್‌ಹೈಡ್ರೇಸ್ ಎಂಬ ಕಿಣ್ವವು ಕ್ಷಣಮಾತ್ರದಲ್ಲಿ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ನಮಗೆ ಚುರುಕೆನ್ನಿಸುವುದು ಆ ಆಮ್ಲವೇ. ಎತ್ತರದ ಪರ್ವತಗಳನ್ನೇರುವವರು ತಲೆಸುತ್ತು ಬಾರದಿರಲೆಂದು ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ನುಂಗುತ್ತಾರಷ್ಟೆ; ಅದು ಇದೇ ಕಿಣ್ವವನ್ನು ತಡೆಯುವ ಔಷಧ. ಅದನ್ನು ನುಂಗಿದವರು ಶಿಖರವೇರಿ ಬಂದು ಬೀರನ್ನೋ ಸೋಡಾವನ್ನೋ ಕುಡಿದರೆ, ಗುಳ್ಳೆಗಳು ಕಣ್ಣಿಗೆ ಕಾಣುತ್ತಿದ್ದರೂ ಬಾಯಿಗೆ ಸಪ್ಪೆ! ಹಾಗಿರಲು ಚುರುಕಿಗೂ ಸಕ್ಕರೆಗೂ ಸಂಬಂಧವೇನೂ ಇಲ್ಲವೆಂಬುದು ಸ್ಪಷ್ಟ. ತಮ್ಮನ ಬಯಕೆ ಅವನು ಹೇಳಿದ್ದೇ ಹೌದೆ, ಅಥವಾ ಅದು ಸಿಹಿಗೆ ಹಾಕಿದ ಮುಸುಕೆ ಎಂಬುದಷ್ಟೇ ಉಳಿದ ಸಂದೇಹ.

ಯಂತ್ರವನ್ನು ಕೊಳ್ಳುವುದಕ್ಕೆ ಮುಂಚೆ ಆ ಸಂದೇಹವನ್ನು ಪರಿಹರಿಸಿಕೊಳ್ಳಬೇಕೆಂದು ನಮ್ಮ ಮನೆಯವರು ಹಟ ಹಿಡಿದರು. ಇದು ಬಹಳ ಒಳ್ಳೆಯ ಯೋಚನೆ. ಯಂತ್ರ ಕೊಳ್ಳಬೇಕೆಂದಿರುವ ಯಾರಿಗೇ ಆಗಲಿ ನಾವು ಇದನ್ನೇ ಹೇಳುತ್ತೇವೆ. ಹದಿನೈದು ದಿನ ಅಂಗಡಿಯಿಂದ ಬರಿಯ ಸೋಡಾವನ್ನೇ ತರಿಸಿ, ಸಿಹಿ ಪಾನೀಯದ ಹೊತ್ತಿಗೆ ಅದನ್ನೇ ಕೊಡತಕ್ಕದ್ದು. ಅದು ಹಿಡಿಸಿದರೆ ಯಂತ್ರ, ಹಿಡಿಸದಿದ್ದರೆ ಸಾವಿರಾರು ರೂಪಾಯಿ ಉಳಿಯಿತು. ಇಂಥ ಯಂತ್ರಗಳು ಎಷ್ಟೋ ಮನೆಗಳಲ್ಲಿ ಒಂದು ತಿಂಗಳು ಮೆರೆದು, ಆಮೇಲೆ ಇಡ್ಲಿ ಪಾತ್ರೆಯ ಹಿಂದೆ ಅಟ್ಟ ಸೇರುವುದನ್ನು ಕಂಡಿದ್ದೇವೆ. ತಮ್ಮನಿಗೆ ಮೊದಲೆರಡು ದಿನ ತಲೆನೋವು ಬಂದಿತು, ಮುಖ ಗಂಟಾಗಿತ್ತು. ಕರಿಯ ಪಾನೀಯದಲ್ಲಿ ಕೆಫೀನೂ ಉಂಟು. ದಿನಕ್ಕೆ ಮೂರು ಸೀಸೆಯೆಂದರೆ ಸುಮಾರು ಒಂದು ಲೋಟ ಕಾಫಿಯಷ್ಟು. ಅದು ಒಮ್ಮೆಗೇ ನಿಂತಾಗ ತಲೆ ಹಿಡಿಯುವುದು ಸಹಜ. ಐದನೆಯ ದಿನ ನಿಂಬೆಹಣ್ಣಿನ ಒಂದು ಹೋಳನ್ನು ಹಿಂಡಿಕೊಂಡ. ಹತ್ತನೆಯ ದಿನದ ಹೊತ್ತಿಗೆ, ಸೋಡಾ ತರಿಸಲಿಲ್ಲವೇಕೆಂದು ತಾನೇ ಕೇಳುವಂತಾಯಿತು.

ಹದಿನೈದು ದಿನಗಳಲ್ಲಿ ಹಿತ್ತಿಲಿನ ಮೂಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ಲಾಸ್ಟಿಕ್ ಸೀಸೆಗಳು ಗುಡ್ಡೆಯಾಗಿದ್ದುವು. ಅವುಗಳನ್ನು ನೋಡಿ ತಾಯಿಯವರು, "ಮೊದಲು ಖಾಲಿ ಸೀಸೆ ಕೊಟ್ಟರೆ ತುಂಬಿದ ಸೀಸೆ ಕೊಡೋರು. ಈಗ ಈ ಪಿಶಾಚಿಗಳನ್ನು ಎಲ್ಲಿಗೆ ಹಾಕೋದಪ್ಪ?" ಎಂದರು. ಅವರ ಮನಸ್ಸಿನಲ್ಲಿದ್ದುದು ಗೋಲಿ ಸೋಡಾ. ಸೀಸೆಯ ಕತ್ತಿನಲ್ಲಿ ಗಾಜಿನ ಗೋಲಿ, ಅದರ ಮೇಲೆ ರಬ್ಬರಿನ ಉಂಗುರ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಹಿಡಿದು ಬಾಯಿ ಮುಚ್ಚುವ ಉಪಾಯ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ೧೮೭೦ರ ಆಸುಪಾಸಿನಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ಅವನ ದೇಶದಲ್ಲಿ ಅದು ವಸ್ತುಸಂಗ್ರಹಾಲಯಕ್ಕೆ ಸೇರಿ ಎಷ್ಟೋ ಕಾಲವಾಗಿದ್ದರೂ ನಮ್ಮಲ್ಲಿಯೂ ಜಪಾನಿನಲ್ಲಿಯೂ ಇಂದಿಗೂ ಉಳಿದಿದೆ. ಸೀಸೆಯನ್ನು ಕಟಕಟೆಯಂಥ ಯಂತ್ರದಲ್ಲಿಟ್ಟು ಕೈಪಿಡಿ ತಿರುವುತ್ತಿದ್ದವನ ಅಂಗಡಿಯ ಮುಂದೆ ಹುಡುಗರು ನಿಂತು ನೋಡುತ್ತಿದ್ದ ಕಾಲವನ್ನು ಹಿರಿಯ ವಾಚಕರು ಬಲ್ಲರು. ದಪ್ಪ ಗಾಜಿನ ಕನ್ನಡಕದವರಿಗೆ "ಸೋಡಾಬುಡ್ಡಿ" ಎಂಬ ಬಿರುದು ಬಂದದ್ದೂ ಆ ಸೀಸೆಯಿಂದಲೇ. ನಮ್ಮ ಬೀದಿಯಲ್ಲಿ ಗೋಲಿ ಸೋಡಾ ಮಾಡುತ್ತಿದ್ದವರ ಮಗ ಈಗ ಮೊಬೈಲು ದುರಸ್ತಿಯ ಅಂಗಡಿಯಿಟ್ಟಿದ್ದಾರೆ. ಅವರು ಸೋಡಾವನ್ನೇ ಮುಂದುವರಿಸಿದ್ದರೆ ಈ ಲೇಖನಕ್ಕೆ ಅವಕಾಶವಿರುತ್ತಿರಲಿಲ್ಲ.

ಈ ವಿದ್ಯೆಯ ಮೂಲವನ್ನೂ ಇಲ್ಲಿ ಹೇಳಿಬಿಡುವುದು ಮೇಲು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲೆಯವರು ೧೭೬೭ರಲ್ಲಿ ಒಂದು ಬೀರಿನ ಕಾರ್ಖಾನೆಯ ಪಕ್ಕದಲ್ಲಿ ವಾಸವಾಗಿದ್ದರು. ಹುಳಿಯುತ್ತಿದ್ದ ತೊಟ್ಟಿಗಳ ಮೇಲೆ ಒಂದು ಬಗೆಯ ಭಾರವಾದ ವಾಯು ನಿಂತಿರುವುದನ್ನು ಕಂಡು, ಅದರೊಳಗೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ದು ನೋಡಿದರು. ಚುರುಗುಟ್ಟುವ ನೀರು ಸಿದ್ಧವಾಯಿತು. ೧೭೭೨ರಲ್ಲಿ ಅದನ್ನು ಮಾಡುವ ಕ್ರಮವನ್ನು ಒಂದು ಕಿರುಪುಸ್ತಕವಾಗಿ ಅಚ್ಚುಹಾಕಿಸಿದರು, ಮರುವರ್ಷ ರಾಯಲ್ ಸೊಸೈಟಿಯ ಕಾಪ್ಲೆ ಪದಕ ದೊರೆಯಿತು. ನಾವಿಕರ ಸ್ಕರ್ವಿ ರೋಗಕ್ಕೆ ಇದು ಔಷಧವಾದೀತೆಂದು ಅವರ ಆಸೆ. ಅದು ಫಲಿಸಲಿಲ್ಲ. ಹಣ ಮಾಡಿದವನು ಜಿನೀವಾದ ಗಡಿಯಾರದ ಕಸುಬಿನ ಯಾಕೋಬ್ ಷ್ವೆಪ್; ಅವನು ೧೭೮೩ರಲ್ಲಿ ವ್ಯಾಪಾರವನ್ನಾರಂಭಿಸಿದನು. ಹಿಂದೆ ಇಂಥ ನೀರಿಗೆ ಅಡಿಗೆ ಸೋಡಾವನ್ನೂ ಬೆರೆಸುತ್ತಿದ್ದರಾದ್ದರಿಂದ ಸೋಡಾ ಎಂಬ ಹೆಸರು ನಿಂತಿತು. ಯಂತ್ರದಿಂದ ಬರುವ ನೀರಿನಲ್ಲಿ ಸೋಡಾ ಎಂಬುದಿಲ್ಲ. ನೀರು ಮತ್ತು ವಾಯು ಅಷ್ಟೆ. ಈ ಮಾತು ರಕ್ತದ ಒತ್ತಡವುಳ್ಳವರಿಗೆ ಮುಖ್ಯ. ಪೇಟೆಯ ಕೆಲವು ಸೋಡಾಗಳಲ್ಲಿ ಸೋಡಿಯಂ ಲವಣಗಳನ್ನು ಸೇರಿಸಿರುತ್ತಾರೆ, ಚೀಟಿಯನ್ನು ಓದಿ ಕೊಳ್ಳಬೇಕು.

ಇನ್ನು ಯಂತ್ರಗಳ ಮಾತು. ಸೈಫನ್ ಎಂಬುದು ಎಲ್ಲಕ್ಕಿಂತ ಹಳೆಯ ಬಗೆ. ಲೋಹದ ಒಂದು ಲೀಟರಿನ ಸೀಸೆ. ನೀರು ತುಂಬಿ, ತಲೆಯಲ್ಲಿ ೮ ಗ್ರಾಂ ಅನಿಲವುಳ್ಳ ಹೆಬ್ಬೆರಳಿನಷ್ಟು ದೊಡ್ಡ ಉಕ್ಕಿನ ಕಾರ್ಟ್ರಿಡ್ಜನ್ನು ತಿರುಪಿದರೆ ಅದು ತೂತಾಗಿ ಅನಿಲವೆಲ್ಲ ಒಳಗಿಳಿಯುತ್ತದೆ. ಹಿಡಿಯನ್ನೊತ್ತಿದಾಗ ಬೇಕಾದಷ್ಟು ಸೋಡಾ ಲೋಟಕ್ಕೆ ಬೀಳುವುದು. ಸೀಸೆಯನ್ನು ತೆರೆಯುವ ಪ್ರಮೇಯವೇ ಇಲ್ಲದ್ದರಿಂದ ಕಡೆಯ ಲೋಟದ ವರೆಗೂ ಚುರುಕು ಆರದು. ಇದರ ಬೆಲೆ ಕಡಿಮೆ, ಜಾಗ ಕಡಿಮೆ. ವಾರಕ್ಕೊಮ್ಮೆ ನೆಂಟರಿಷ್ಟರು ಬಂದಾಗ ಮಾತ್ರ ಸೋಡಾ ಬೇಕೆನ್ನುವ ಮನೆಗೆ ಇದಕ್ಕಿಂತ ದೊಡ್ಡದನ್ನು ಕೊಳ್ಳುವುದು ದುಂದು. ಆದರೆ ನಮ್ಮ ಮನೆಯ ಖರ್ಚು ದಿನಕ್ಕೆ ಒಂದೂವರೆ ಲೀಟರು. ತಿಂಗಳಿಗೆ ೪೫ ಕಾರ್ಟ್ರಿಡ್ಜು, ಒಂದನ್ನೂ ಮತ್ತೆ ತುಂಬಿಸುವಂತಿಲ್ಲ. ತಾಯಿಯವರ ಬೆರಳುಗಳಿಗೆ ವಾತವಿರುವುದರಿಂದ ಅವರು ಅದನ್ನು ತಿರುಪಲಾರರು. ಒಂದು ಎಚ್ಚರಿಕೆ: ಕೆನೆ ನೊರೆಯೆಬ್ಬಿಸುವುದಕ್ಕೆ ಬೇಕರಿಯವರು ಉಪಯೋಗಿಸುವ ಕಾರ್ಟ್ರಿಡ್ಜೂ ನೋಡಲು ಹೀಗೆಯೇ ಇರುತ್ತದೆ, ತೂಕವೂ ೮ ಗ್ರಾಮೇ. ಅದರೊಳಗಿರುವುದು ನೈಟ್ರಸ್ ಆಕ್ಸೈಡು ಎಂಬ ಬೇರೆ ಅನಿಲ. ಪೆಟ್ಟಿಗೆಯ ಮೇಲಿನ ಹೆಸರನ್ನು ಓದದೆ ತರಬಾರದು.

ಎರಡನೆಯದು ನಿಂತ ಕಂಬದಂಥ ಯಂತ್ರ. ಬೆನ್ನಿನಲ್ಲಿ ಸಿಲಿಂಡರು, ಮುಂದೆ ನೀರಿನ ಸೀಸೆ, ತಲೆಯ ಮೇಲೊಂದು ಗುಂಡಿ. ಗುಂಡಿಯನ್ನೊತ್ತಿದಾಗ ಸಣ್ಣ ಮೂತಿಯಿಂದ ಅನಿಲವು ನೀರಿಗೆ ನುಗ್ಗುತ್ತದೆ. ಒತ್ತಡ ಮಿತಿಗೆ ಬಂದಾಗ ಯಂತ್ರ ಗೊರ್ರೆಂದು ಸದ್ದುಮಾಡಿ ಹೆಚ್ಚಿನದನ್ನು ಹೊರಕ್ಕೆ ಬಿಡುತ್ತದೆ. ವಿದ್ಯುತ್ತು ಬೇಡ, ಆದ್ದರಿಂದ ಕರೆಂಟು ಹೋದರೂ ಕೆಟ್ಟರೂ ಸೋಡಾಕ್ಕೆ ಅಡ್ಡಿಯಿಲ್ಲ. ಗುಂಡಿಯ ಬದಲು ವಿದ್ಯುತ್ತಿನಿಂದ ತಾನೇ ಅಳೆದು ಅನಿಲ ಬಿಡುವ ಯಂತ್ರಗಳೂ ಉಂಟು. ಅವುಗಳ ಬೆಲೆ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು, ಸೋಡಾ ಮಾತ್ರ ಅದೇ. ಅಡಿಗೆಮನೆಯ ತೊಟ್ಟಿಯ ಕೆಳಗೆ ಕೂರಿಸಿ ನಲ್ಲಿಯಿಂದಲೇ ತಣ್ಣಗೆ ಸೋಡಾ ಬರಿಸುವ ಏರ್ಪಾಡನ್ನು ಹೋಟೆಲಿನವರಿಗೆ ಬಿಡುವುದು ಲೇಸು.

ಅಂಗಡಿಯವರು ಯಂತ್ರದ ಬಣ್ಣವನ್ನೂ ಹೊಳಪನ್ನೂ ತೋರಿಸುತ್ತಾರೆ. ಕೊಳ್ಳುವವರು ವಿಚಾರಿಸಬೇಕಾದದ್ದು ಸಿಲಿಂಡರನ್ನು. ಯಂತ್ರವನ್ನು ಒಮ್ಮೆ ಕೊಳ್ಳುತ್ತೇವೆ. ಸಿಲಿಂಡರು ತಿಂಗಳು ತಿಂಗಳೂ ಬರಬೇಕಾದ ವಸ್ತು. ಮನೆಯ ಯಂತ್ರಗಳಿಗೆ ಬರುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ೪೧೦ ಗ್ರಾಮಿನಿಂದ ೪೨೫ ಗ್ರಾಂ ಅನಿಲವಿರುತ್ತದೆ. ೬೦ ಲೀಟರು ಸೋಡಾ ಆಗುವುದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದುಂಟು. ಅದು ಮೆಲುವಾದ ಸೋಡಾದ ಲೆಕ್ಕ. ನಮ್ಮವರು ಮೆಚ್ಚುವ ಚುರುಕಿಗೆ, ಹೊರಕ್ಕೆ ಹೋಗುವ ಅನಿಲವನ್ನೂ ಸೇರಿಸಿ, ಲೀಟರಿಗೆ ೯ರಿಂದ ೧೦ ಗ್ರಾಂ ಬೇಕಾಗುವುದರಿಂದ ನಾಲ್ವತ್ತು ನಾಲ್ವತ್ತೈದು ಲೀಟರೆಂದು ತಿಳಿದರೆ ಮೋಸಹೋಗುವುದಿಲ್ಲ. ಖಾಲಿ ಸಿಲಿಂಡರನ್ನು ಬದಲಾಯಿಸಿಕೊಡುವವರು ನಿಮ್ಮ ಊರಿನಲ್ಲಿದ್ದಾರೆಯೆ? ಎಷ್ಟು ದಿನಕ್ಕೆ ಕೊಡುತ್ತಾರೆ? ಎಷ್ಟು ಹಣ? ಈ ಮೂರನ್ನು ಕೇಳಿ ಉತ್ತರ ಬಾರದಿದ್ದರೆ, ಯಂತ್ರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬರುವುದು ಕ್ಷೇಮ.

ಕತ್ತಿನ ಜೋಡಣೆಯನ್ನೂ ನೋಡಬೇಕು. ಸೋಡಾಸ್ಟ್ರೀಮ್ ಕಂಪೆನಿಯ ಯಂತ್ರಗಳ ಪೂರ್ವಜ ೧೯೦೩ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು; ೨೦೧೮ರಲ್ಲಿ ಪೆಪ್ಸಿಕೊದವರು ಆ ಕಂಪೆನಿಯನ್ನು ೩೨೦ ಕೋಟಿ ಡಾಲರಿಗೆ ಕೊಂಡರು. ಅದರ ಹಳೆಯ ನೀಲಿ ಸಿಲಿಂಡರು ತಿರುಪಿನದು, ಹೊಸ ಗುಲಾಬಿ ಬಣ್ಣದ್ದು ಒತ್ತಿ ಕೂರಿಸುವುದು. ಒಂದರ ಯಂತ್ರಕ್ಕೆ ಇನ್ನೊಂದರ ಸಿಲಿಂಡರು ಹೊಂದದು. ತಿರುಪಿನ ಮಾದರಿಯನ್ನು ಬೇರೆ ಅನೇಕ ಕಂಪೆನಿಗಳೂ ಅನುಸರಿಸಿರುವುದರಿಂದ ಅದನ್ನು ಕೊಂಡವನಿಗೆ ನಾಲ್ಕು ಬಾಗಿಲು ತೆರೆದಿರುತ್ತವೆ. ತಮ್ಮದೇ ವಿಶೇಷ ಜೋಡಣೆಯನ್ನಿಟ್ಟವರ ಯಂತ್ರವನ್ನು ಕೊಂಡವನಿಗೆ ಒಂದೇ. ನಾವು ವಿಚಾರಿಸಿದ ಒಂದು ಅಂಗಡಿಯಲ್ಲಿ ಯಂತ್ರ ಬಹಳ ಅಗ್ಗವಾಗಿತ್ತು. ಸಿಲಿಂಡರಿನ ವಿಷಯವನ್ನು ಕೇಳಿದಾಗ ಮಾಲೀಕರು, "ಅದೆಲ್ಲ ಆಮೇಲೆ ನೋಡೋಣ ಸ್ವಾಮಿ" ಎಂದರು. ನಾವು ಯಂತ್ರವನ್ನೂ ಆಮೇಲೆ ನೋಡುವುದೆಂದು ಎದ್ದು ಬಂದೆವು.

ಕೆಲವರು ಬೆಸುಗೆಯ ಕೆಲಸದವರಿಂದಲೋ ಬೆಂಕಿ ಆರಿಸುವ ಸಿಲಿಂಡರಿನವರಿಂದಲೋ ಅಗ್ಗವಾಗಿ ಅನಿಲ ತುಂಬಿಸಿಕೊಳ್ಳುತ್ತಾರೆಂದು ಕೇಳಿದ್ದೇವೆ. ಇದು ಕೂಡದು. ಅನಿಲ ಒಂದೇ ಆದರೂ ಕುಡಿಯುವುದಕ್ಕೆ ಯೋಗ್ಯವಾಗುವಂತೆ ಅದನ್ನು ಶುದ್ಧಿ ಮಾಡಿರಬೇಕು. ಅಂದಹಾಗೆ, ಸೋಡಾದ ಅನಿಲ ಬರುವುದೆಲ್ಲಿಂದ ಎಂಬುದೂ ವಿನೋದದ ಸಂಗತಿ. ಅದರ ಬಹುಭಾಗ ರಸಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಿಸುವಾಗ ಉಳಿಯುವ ವಾಯು, ಇನ್ನೊಂದು ಭಾಗ ಮದ್ಯಸಾರದ ಕಾರ್ಖಾನೆಗಳದು. ೨೦೧೮ರ ಬೇಸಗೆಯಲ್ಲಿ ಯೂರೋಪಿನ ಅಮೋನಿಯಾ ಕಾರ್ಖಾನೆಗಳು ಹಲವು ಒಟ್ಟಿಗೆ ಮುಚ್ಚಿದ್ದರಿಂದ ಅಲ್ಲಿ ಸೋಡಾಕ್ಕೂ ಬೀರಿಗೂ ಬರಗಾಲ ಬಂದಿತ್ತು. ಪ್ರೀಸ್ಟ್ಲೆಯವರ ತೊಟ್ಟಿಯಿಂದ ನಾವು ಬಹು ದೂರವೇನೂ ಬಂದಿಲ್ಲ.

ಸಿಲಿಂಡರಿನೊಳಗೆ ಅನಿಲವು ದ್ರವವಾಗಿರುತ್ತದೆ. ೨೫ ಡಿಗ್ರಿಯ ಸೆಖೆಯಲ್ಲಿ ಅದರ ಒತ್ತಡ ನಮ್ಮ ಸುತ್ತಲಿನ ಹವೆಯ ಒತ್ತಡದ ಅರವತ್ತು ಪಟ್ಟಿಗೂ ಮಿಗಿಲು. ಬಿಸಿಯಾದಷ್ಟೂ ಏರುತ್ತದೆ. ಆದ್ದರಿಂದ ಒಲೆಯ ಪಕ್ಕದಲ್ಲಿಡಬಾರದು, ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ಬಿಡಬಾರದು. ಯಂತ್ರದಲ್ಲಿ ನೆಟ್ಟಗೆ ನಿಂತಿರಬೇಕು. ಓರೆಯಾದರೆ ದ್ರವವೇ ಯಂತ್ರದೊಳಕ್ಕೆ ನುಗ್ಗುತ್ತದೆ. ಸೋರಿದರೆ ಗತಿಯೇನೆಂದು ತಾಯಿಯವರು ಕೇಳಿದರು. ೪೧೦ ಗ್ರಾಂ ಎಂದರೆ ಸುಮಾರು ೨೩೦ ಲೀಟರು ವಾಯು. ಹತ್ತಡಿ ಹತ್ತಡಿಯ, ಒಂಬತ್ತಡಿ ಎತ್ತರದ ಅಡಿಗೆಮನೆಯಲ್ಲಿ ೨೫,೦೦೦ ಲೀಟರು ಹವೆಯಿರುತ್ತದೆ. ಸಿಲಿಂಡರೆಲ್ಲ ಸೋರಿದರೂ ನೂರಕ್ಕೆ ಒಂದು ಪಾಲಿನೊಳಗೆ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ತಲೆ ಭಾರವಾದೀತು. ಕಿಟಕಿ ತೆರೆದು ಹೊರಗೆ ಬರಬೇಕು. ಇದು ಉರಿಯುವ ಅನಿಲವಲ್ಲವೆಂದು ತಿಳಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಸೀಸೆಗಳಲ್ಲಿ ಎರಡು ಜಾತಿ. ಪ್ಲಾಸ್ಟಿಕ್ಕಿನದು ಹಗುರ, ಆದರೆ ಅದರ ಮೇಲೆ ಆಯುಷ್ಯದ ತಾರೀಖನ್ನು ಅಚ್ಚುಹಾಕಿರುತ್ತಾರೆ. ಆ ಮೇಲೆ ಉಪಯೋಗಿಸತಕ್ಕದ್ದಲ್ಲ. ಬಿಸಿನೀರಿನಲ್ಲಿ ತೊಳೆದರೆ ಅದು ಸೊಟ್ಟಗಾಗಿ ಬಲ ಕುಂದುವುದು. ಕುದಿಯುವ ನೀರು ಹಾಕಿ ಪಾತ್ರೆ ತೊಳೆಯುವ ಪದ್ಧತಿಯ ಮನೆಗಳಲ್ಲಿ ಇದನ್ನು ಕೆಲಸದವರಿಗೂ ತಿಳಿಸಿಡಬೇಕು. ಗಾಜಿನ ಸೀಸೆಯ ಯಂತ್ರಗಳಲ್ಲಿ ಸೀಸೆಯನ್ನು ಲೋಹದ ಗೂಡಿನೊಳಗೆ ಮುಚ್ಚಿ ಅನಿಲ ಬಿಡುವ ಏರ್ಪಾಡಿದೆ. ಬೆಲೆ ಹೆಚ್ಚಾದರೂ ರುಚಿಗೂ ಶುಚಿಗೂ ಅದೇ ಮೇಲು. ನಾವು ಬೆಲೆಯನ್ನು ನೋಡಿ ಪ್ಲಾಸ್ಟಿಕ್ಕಿನದಕ್ಕೇ ಒಪ್ಪಿದೆವು.

ಯಾವ ಯಂತ್ರವನ್ನೇ ಕೊಂಡರೂ ನೀರು ತಣ್ಣಗಿರಬೇಕು. ಇದನ್ನು ತಿಳಿಯದವರು ಯಂತ್ರವನ್ನೇ ದೂರುತ್ತಾರೆ. ೩೦ ಡಿಗ್ರಿಯ ಒಂದು ಲೀಟರು ನೀರು, ಸಾಮಾನ್ಯ ಒತ್ತಡದಲ್ಲಿ, ಮುಕ್ಕಾಲು ಲೀಟರಿಗಿಂತಲೂ ಕಡಿಮೆ ವಾಯುವನ್ನು ಕರಗಿಸಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿ ೫ ಡಿಗ್ರಿಗೆ ತಣಿಸಿದ ನೀರು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ನಲ್ಲಿಯ ನೀರನ್ನು ಹಾಗೆಯೇ ಹಿಡಿದು ಗುಂಡಿ ಒತ್ತಿದರೆ ಅನಿಲ ಹಾಳು, ಸೋಡಾ ಸಪ್ಪೆ. ಯಂತ್ರವು ನೀರನ್ನು ಶುದ್ಧಿ ಮಾಡುವುದಿಲ್ಲವೆಂಬುದನ್ನೂ ಮರೆಯಬಾರದು. ಕೊಳವೆ ಬಾವಿಯ ಗಡಸು ನೀರು ಸೋಡಾ ಆದ ಮೇಲೂ ಗಡಸೇ. ಇನ್ನು ಷರಬತ್ತನ್ನಾಗಲಿ ಹಣ್ಣಿನ ರಸವನ್ನಾಗಲಿ ಯಂತ್ರಕ್ಕೇ ಇಡುವುದು ಬಹುಪಾಲು ಮಾದರಿಗಳಲ್ಲಿ ನಿಷಿದ್ಧ. ನೊರೆ ಉಕ್ಕಿ ಒತ್ತಡ ಬಿಡುವ ರಂಧ್ರವೇ ಕಟ್ಟಿಕೊಂಡೀತು. ನೀರಿಗೆ ಮೊದಲು ಅನಿಲ, ಆಮೇಲೆ ಲೋಟದಲ್ಲಿ ನಿಂಬೆರಸ.

ಆರೋಗ್ಯದ ವಿಷಯದಲ್ಲಿ ಹೊಗಳಿಕೆಯನ್ನೂ ತೆಗಳಿಕೆಯನ್ನೂ ಸಮನಾಗಿ ಕೇಳಿದೆವು. ಸೋಡಾ ಕುಡಿದರೆ ಕೊಬ್ಬು ಕರಗುತ್ತದೆಂದು ಒಬ್ಬ ವರ್ತಕರು ಹೇಳಿದರು. ಕರಗುವುದಿಲ್ಲ. ಎಲುಬು ಕರಗುತ್ತದೆಂದು ನಮ್ಮ ಚಿಕ್ಕಮ್ಮ ಹೇಳಿದರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರ ಆರೋಗ್ಯವನ್ನು ತಲೆಮಾರುಗಳಿಂದ ಅಭ್ಯಾಸ ಮಾಡುತ್ತಿರುವ ವೈದ್ಯರು ೨೦೦೬ರಲ್ಲಿ ಪ್ರಕಟಿಸಿದಂತೆ, ಕೋಲಾ ಕುಡಿಯುವ ಹೆಂಗಸರಲ್ಲಿ ಸೊಂಟದ ಎಲುಬಿನ ಸಾಂದ್ರತೆ ಕಡಿಮೆಯಿತ್ತು, ಇತರ ಗುಳ್ಳೆಪಾನೀಯಗಳಲ್ಲಿ ಹಾಗೆ ಕಂಡುಬರಲಿಲ್ಲ. ಹಲ್ಲಿನ ಮಾತು ಸ್ವಲ್ಪ ನಿಜ. ಬರಿಯ ಸೋಡಾದ ಪಿಎಚ್ ನಾಲ್ಕರಿಂದ ಐದು, ಕೋಲಾದ್ದು ಸುಮಾರು ಎರಡೂವರೆ. ಈ ಅಳತೆಯಲ್ಲಿ ಒಂದಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟಾದಂತೆ. ಆದರೆ ನಿಂಬೆಯನ್ನು ಹಿಂಡಿದಷ್ಟೂ ಆ ಲಾಭ ಕರಗುತ್ತದೆಯಾದ್ದರಿಂದ ದಿನವೆಲ್ಲ ಗುಟುಕರಿಸದೆ ಊಟದೊಡನೆ ಕುಡಿದು ಮುಗಿಸುವುದು ಮೇಲೆಂದು ಹಲ್ಲಿನ ವೈದ್ಯರು ಹೇಳಿದರು. ಅಜೀರ್ಣಕ್ಕೆ ಸೋಡಾವೇ ಪರಮೌಷಧವೆಂದು ನಂಬಿದ ನಮ್ಮ ತಾಯಿಯವರಿಗೆ ಮಾತ್ರ ವೈದ್ಯರು ದಿನಕ್ಕೆ ಅರ್ಧ ಲೋಟವನ್ನೇ ಗೊತ್ತುಮಾಡಿದರು. ತೇಗು ಬಂದಾಗ ಹಾಯೆನ್ನಿಸುವುದು ನಿಜ. ಆದರೆ ಎದೆಯುರಿಯುಳ್ಳವರಲ್ಲಿ ಆ ತೇಗಿನೊಡನೆ ಹುಳಿಯೂ ಮೇಲೇರುತ್ತದೆ. ಇದನ್ನು ಅವರು ಒಪ್ಪಿದ್ದಾರೆಂದು ಹೇಳಲಾರೆವು.

ಕಡೆಗೆ ನಾವು ಆರಿಸಿದ್ದು ಗುಂಡಿಯೊತ್ತುವ, ತಿರುಪಿನ ಸಿಲಿಂಡರಿನ, ವಿದ್ಯುತ್ತಿಲ್ಲದ ಯಂತ್ರ. ಜೊತೆಗೆ ಎರಡು ಸಿಲಿಂಡರು. ಒಂದು ಮುಗಿದ ದಿನವೇ ಬೀದಿಯಂಗಡಿಯ ಕರಿಯ ಸೀಸೆ ಕಣ್ಣಿಗೆ ಬೀಳುತ್ತದಾದ್ದರಿಂದ ಇದನ್ನು ದುಂದೆಂದು ಎಣಿಸಬಾರದು. ಖರ್ಚಿನ ಲೆಕ್ಕವನ್ನು ಹೀಗೆ ಹಾಕಬಹುದು: ಸಿಲಿಂಡರು ಬದಲಾಯಿಸುವ ಹಣವನ್ನು ೪೦ರಿಂದ ಭಾಗಿಸಿ, ಯಂತ್ರದ ಬೆಲೆಯನ್ನು, ಅದು ಐದು ವರ್ಷ ಬಾಳೀತೆಂದಿಟ್ಟುಕೊಂಡು, ಅಷ್ಟು ಕಾಲದಲ್ಲಿ ಮನೆಯಲ್ಲಿ ಖರ್ಚಾಗುವ ಲೀಟರುಗಳಿಂದ ಭಾಗಿಸಿ, ಎರಡನ್ನೂ ಕೂಡಿಸಿದರೆ ಲೀಟರಿನ ಬೆಲೆ ಬರುತ್ತದೆ. ನಮ್ಮ ಬೀದಿಯಲ್ಲಿ ಮುಕ್ಕಾಲು ಲೀಟರಿನ ಸೋಡಾಕ್ಕೆ ೨೦ ರೂಪಾಯಿ, ಎಂದರೆ ಲೀಟರಿಗೆ ೨೭ಕ್ಕೆ ಸಮೀಪ. ನಿಮ್ಮ ಲೆಕ್ಕ ಅದಕ್ಕಿಂತ ಕೆಳಗೆ ಬಂದರೆ ಕೊಳ್ಳಬಹುದು, ಮೇಲೆ ಹೋದರೆ ಸೈಫನ್ನೋ ಅಂಗಡಿಯೋ ಸಾಕು. ದಿನಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಖರ್ಚಿನ ಮನೆಗೆ ಈ ಯಂತ್ರ ಲಾಭವೆಂದು ನಮಗೆ ತೋರುವುದಿಲ್ಲ.

ಮೂರು ತಿಂಗಳಾದ ಮೇಲೆ ತಮ್ಮನ ಅಂಕಿ ೬.೦ ಬಂದಿತು. ಸಂಜೆಯ ನಡಿಗೆಯನ್ನೂ ಅವನು ತಪ್ಪಿಸಿರಲಿಲ್ಲ. ಯಂತ್ರಕ್ಕೆಷ್ಟು, ನಡಿಗೆಗೆಷ್ಟು ಎಂದು ತೂಗಿ ಹಂಚುವ ತಕ್ಕಡಿ ನಮ್ಮಲ್ಲಿಲ್ಲ, ವೈದ್ಯರೂ ಹಂಚಲಿಲ್ಲ. "ಹೊಸ್ತಿಲಿನ ಮೇಲೆಯೇ ಇದ್ದೀರಿ, ಆದರೆ ಮುಖ ಹೊರಗಡೆಗೆ ತಿರುಗಿದೆ" ಎಂದಷ್ಟೆ ಹೇಳಿ ಇನ್ನು ಮೂರು ತಿಂಗಳಿಗೆ ಬರಹೇಳಿದ್ದಾರೆ.

ಸದ್ಯಕ್ಕೆ ಮನೆಯಲ್ಲಿ ನಡೆದಿರುವ ಚರ್ಚೆ ರುಚಿಯದು. ಸಕ್ಕರೆ ಹಾಕದೆ ಸೋಡಾಕ್ಕೆ ಏನು ಬೆರೆಸಬಹುದೆಂದು ನಮ್ಮ ಮನೆಯವರು ದಿನಕ್ಕೊಂದು ಪ್ರಯೋಗ ಮಾಡುತ್ತಾರೆ. ಜಜ್ಜಿದ ಶುಂಠಿ ಸರಿಹೋಯಿತು. ಪುದೀನ ಒಂದು ದಿನ ಚೆನ್ನಾಗಿತ್ತು, ಎರಡನೆಯ ದಿನ ಬೇಡವೆನ್ನಿಸಿತು. ಮಂಗಳೂರಿನ ಕಡೆಯಿಂದ ತರಿಸಿದ ಒಣ ಪುನರ್ಪುಳಿಯ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಆ ಕೆಂಪು ನೀರಿಗೆ ಸೋಡಾ ಹೊಯ್ದು ಚಿಟಿಕೆ ಜೀರಿಗೆ ಪುಡಿ ಹಾಕಿದ್ದನ್ನು ತಮ್ಮ ಎರಡು ಲೋಟ ಕುಡಿದ. ಸೊಗದೆ ಬೇರನ್ನು ಕುದಿಸಿದ ಕಷಾಯದ್ದು ಇನ್ನೂ ತೀರ್ಮಾನವಾಗಿಲ್ಲ. ಬೆಲ್ಲವಿಲ್ಲದೆ ಅದಕ್ಕೆ ಬೇರಿನ ವಾಸನೆಯೇ ಬರುವುದಿಲ್ಲವೆಂದು ತಾಯಿಯವರು ಹೇಳುತ್ತಾರೆ, ಬರುತ್ತದೆಂದು ತಮ್ಮ ಹೇಳುತ್ತಾನೆ.